ಟ್ರ್ಯಾಕ್ ಮುಚ್ಚುತ್ತಂತೆ: ಸದ್ದಿನ ಜಗಳದ ಹಿಂದೆ ಒಂದು ಲೀಸ್ ಪತ್ರ

"ಟ್ರ್ಯಾಕ್ ಮುಚ್ಚುತ್ತಂತೆ."

ಡರ್ಟ್ ಬೈಕ್, ಅಂದರೆ ಮಣ್ಣಿನ ಟ್ರ್ಯಾಕಿಗೆಂದೇ ಮಾಡಿದ ಬೈಕ್ ಓಡಿಸುವವರ ನಡುವೆ ಈ ಮಾತು ವರ್ಷಕ್ಕೊಮ್ಮೆಯಾದರೂ ಸುತ್ತುತ್ತದೆ. ಯಾರು ಹೇಳಿದ್ದು ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಒಬ್ಬರು ಸದ್ದಿನ ತಕರಾರು ಅಂತಾರೆ, ಇನ್ನೊಬ್ಬರು ಧೂಳು ಅಂತಾರೆ, ಮತ್ತೊಬ್ಬರು ಜಾಗ ಮಾರಾಟಕ್ಕಿದೆಯಂತೆ ಅಂತಾರೆ. ಮುಂದಿನ ಭಾನುವಾರ ಗೇಟು ತೆಗೆದೇ ಇರುತ್ತದೆ. ಬೈಕ್ ಇಳಿಸಿ, ಬೂಟು ಹಾಕಿಕೊಳ್ಳುವಷ್ಟರಲ್ಲಿ ಮಾತು ಮರೆತುಹೋಗುತ್ತದೆ. ಹೀಗೆ ಮರೆತೂ ಮರೆತೂ ಒಂದು ಭಾನುವಾರ ಹೋದಾಗ ಗೇಟಿಗೆ ಬೀಗ ಬಿದ್ದಿರುತ್ತದೆ.

ಆಮೇಲೆ ಎಲ್ಲರ ಬೆರಳೂ ಪಕ್ಕದ ಮನೆಯವರ ಕಡೆ ತಿರುಗುತ್ತದೆ. ದೂರು ಕೊಟ್ಟವರೇ ಟ್ರ್ಯಾಕ್ ಮುಚ್ಚಿಸಿದರು ಅಂತ. ಪೂರ್ತಿ ಸುಳ್ಳೇನಲ್ಲ. ಆದರೆ ಬೇರೆ ಬೇರೆ ದೇಶಗಳಲ್ಲಿ ಮುಚ್ಚಿದ, ಮುಚ್ಚದೆ ಉಳಿದ ಟ್ರ್ಯಾಕ್‌ಗಳ ಕಥೆ ಓದುತ್ತಾ ಹೋದರೆ ಬೇರೆಯೇ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಜಾಗ ಯಾರದ್ದು, ಲೀಸ್ ಇನ್ನೆಷ್ಟು ವರ್ಷ ಇದೆ? ಸದ್ದು ಎಷ್ಟು ಅನ್ನುವುದಕ್ಕಿಂತ ಮೊದಲು ಇದನ್ನು ಕೇಳಬೇಕು ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಬೇರೇನೂ ಆಗದ ಜಾಗ

ಮಣ್ಣಿನ ಟ್ರ್ಯಾಕಿನಲ್ಲಿ ಈ ಬೈಕುಗಳ ರೇಸು, ಅಂದರೆ ಮೋಟೊಕ್ರಾಸ್ ಅನ್ನುವ ಆಟಕ್ಕೆ ನೂರು ವರ್ಷ ದಾಟಿದೆ. 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ನಡೆದ ಸ್ಕ್ರ್ಯಾಂಬಲ್ (ಈ ಆಟದ ಹಳೇ ಹೆಸರು) ರೇಸನ್ನು ಇದರ ಮೊದಲನೆಯದು ಅಂತ ಎಣಿಸುತ್ತಾರೆ. ಅವತ್ತಿನಿಂದ ಇವತ್ತಿನವರೆಗೆ ಬೈಕ್ ಗುರುತು ಸಿಗದಷ್ಟು ಬದಲಾಗಿದೆ. ಟ್ರ್ಯಾಕ್ ಮಾತ್ರ ಅದೇ ಮಣ್ಣು. ಒಂದಷ್ಟು ದಿಬ್ಬ, ತಿರುವಿನಲ್ಲಿ ಓರೆಯಾಗಿ ಕಟ್ಟಿದ ಬದು, ಸಾಲಾಗಿ ಉಬ್ಬು. ಕಟ್ಟಡ ಇಲ್ಲ, ಕಾಂಕ್ರೀಟ್ ಇಲ್ಲ. ಒಂದು ಬುಲ್ಡೋಜರ್ ಎರಡು ದಿನ ಓಡಾಡಿದರೆ ಟ್ರ್ಯಾಕ್ ಇತ್ತು ಅನ್ನುವ ಗುರುತೇ ಉಳಿಯುವುದಿಲ್ಲ.

ಹಾಗಾಗಿ ಇದು ಬೇರೆ ಯಾವುದಕ್ಕೂ ಬೇಡದ ಜಾಗ ಹುಡುಕಿಕೊಂಡು ಹೋಗುತ್ತದೆ. ಮರಳು ತೆಗೆದು ಮುಗಿದ ಗಣಿ, ಬೆಳೆ ಬಾರದ ಗುಡ್ಡ, ಇಲ್ಲವೇ ಮುಂದೆ ಯಾವಾಗಲೋ ಏನಾದರೂ ಕಟ್ಟೋಣ ಅಂತ ಸುಮ್ನೆ ಬಿಟ್ಟಿರುವ ಜಮೀನು. ಈ ಮೂರನೆಯದು ಅಪಾಯದ್ದು. ಜಮೀನಿನ ಮಾಲೀಕರಿಗೆ ಟ್ರ್ಯಾಕ್ ಅಂದರೆ ಕಾಯುವ ಹೊತ್ತಿನಲ್ಲಿ ಬರುವ ಸಣ್ಣ ಬಾಡಿಗೆ ಅಷ್ಟೇ. ರಸ್ತೆ ಬಂತು, ನೀರು ಬಂತು, ಊರು ಹತ್ತಿರ ಬಂತು ಅಂದ ಕೂಡಲೇ ಕಾಯುವ ಕೆಲಸ ಮುಗಿಯಿತು.

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇದು ಕಣ್ಣೆದುರೇ ನಡೆದುಹೋಯಿತು. ಅಮೆರಿಕದ ಮೋಟೊಕ್ರಾಸ್ ಬೆಳೆದದ್ದೇ ಅಲ್ಲಿ. ಆರೆಂಜ್ ಕೌಂಟಿಯ ಸ್ಯಾಡಲ್‌ಬ್ಯಾಕ್ ಪಾರ್ಕ್ 1984ರಲ್ಲಿ ಮುಚ್ಚಿತು. ಕಾರ್ಲ್ಸ್‌ಬ್ಯಾಡ್ ರೇಸ್‌ವೇನಲ್ಲಿ 1973ರಿಂದ 1986ರವರೆಗೆ ಅಮೆರಿಕದ ಗ್ರ್ಯಾನ್ ಪ್ರೀ, ಅಂದರೆ ವಿಶ್ವ ಚಾಂಪಿಯನ್‌ಶಿಪ್‌ನ ಅಮೆರಿಕದ ಸುತ್ತು ನಡೆಯುತ್ತಿತ್ತು. ಆ ಟ್ರ್ಯಾಕಿನ ಉದ್ದದ ಇಳಿಜಾರಿನ ಹೆಸರು ಕೇಳಿದರೆ ಇವತ್ತಿಗೂ ಹಳೇ ರೈಡರ್‌ಗಳ ಮುಖ ಅರಳುತ್ತದೆ. 2004ರಲ್ಲಿ ಅದೂ ಮುಚ್ಚಿತು. ಈಗ ಅಲ್ಲಿ ಕಂಪನಿಗಳ ಕಟ್ಟಡಗಳಿವೆ. ಜಗತ್ತಿಗೇ ಗೊತ್ತಿದ್ದ ಟ್ರ್ಯಾಕ್‌ಗೇ ಈ ಗತಿ ಅಂದಮೇಲೆ ಯಾರಿಗೂ ಗೊತ್ತಿಲ್ಲದ ಸ್ಥಳೀಯ ಟ್ರ್ಯಾಕನ್ನು ಕೇಳುವವರು ಯಾರು?

ಒಂದು ಕೆಟ್ಟ ಸೈಲೆನ್ಸರ್

ಸದ್ದಿನ ವಿಷಯಕ್ಕೆ ಬರೋಣ. ಇದನ್ನು ಲಘುವಾಗಿ ಮಾತಾಡುವ ರೈಡರ್‌ಗಳನ್ನು ಕಂಡರೆ ನನಗೆ ಸ್ವಲ್ಪ ಬೇಜಾರು. "ಅಷ್ಟು ದೂರಕ್ಕೆ ಕೇಳಿಸುತ್ತಾ?" ಅಂತಾರೆ. ಕೇಳಿಸುತ್ತದೆ. ಲೆಕ್ಕ ಹಾಕಿಯೇ ನೋಡಬಹುದು.

ಡರ್ಟ್ ಬೈಕಿನ ಸದ್ದು ಅಳೆಯುವ ಒಂದು ಸಾಮಾನ್ಯ ವಿಧಾನ ಇದೆ. ಬೈಕನ್ನು ನಿಲ್ಲಿಸಿ, ಸೈಲೆನ್ಸರ್ ಬಾಯಿಯಿಂದ 20 ಇಂಚು, ಅಂದರೆ ಸುಮಾರು ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಾಗಿ ಮೀಟರ್ ಹಿಡಿಯುತ್ತಾರೆ. ಇಂಜಿನ್ನನ್ನು ಗೊತ್ತಾದ ಒಂದು ವೇಗಕ್ಕೆ ಏರಿಸಿ ಅಲ್ಲೇ ನಿಲ್ಲಿಸುತ್ತಾರೆ. ಮೀಟರಿನ ಅಂಕಿ ಓದುತ್ತಾರೆ. 1986ರಿಂದ ಈಚೆಗೆ ತಯಾರಾದ ಬೈಕುಗಳಿಗೆ ಕ್ಯಾಲಿಫೋರ್ನಿಯಾದ ಕಾನೂನು ಕೊಟ್ಟಿರುವ ಮಿತಿ 96 ಡೆಸಿಬಲ್.

ದೂರ ಎರಡು ಪಟ್ಟಾದಂತೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅರ್ಧ ಮೀಟರಿನಲ್ಲಿ 96 ಇದ್ದದ್ದು 500 ಮೀಟರ್ ದೂರ ಹೋಗುವಷ್ಟರಲ್ಲಿ 36ರ ಹತ್ತಿರ ಬರುತ್ತದೆ. ಗದ್ದಲವಿಲ್ಲದ ಹಳ್ಳಿಗಾಡಿನಲ್ಲಿ ಬೆಳಗ್ಗೆ ಗಾಳಿ, ಹಕ್ಕಿ, ಎಲೆ ಎಲ್ಲ ಸೇರಿ ಅಷ್ಟು ಸದ್ದು ಇದ್ದೇ ಇರುತ್ತದೆ. ಹಾಗಾದರೆ ತೊಂದರೆ ಇಲ್ಲ ಅಲ್ವಾ? ನಿಲ್ಲಿ. ಅದು ಒಂದೇ ಬೈಕಿನ ಲೆಕ್ಕ, ಅದೂ ನಿಂತ ಬೈಕಿನದ್ದು. ಇಪ್ಪತ್ತು ಬೈಕು ಒಟ್ಟಿಗೆ ಓಡಿದರೆ 13 ಡೆಸಿಬಲ್ ಸೇರುತ್ತದೆ. ದಿಬ್ಬ ಹತ್ತುವಾಗ ಪೂರ್ತಿ ಥ್ರಾಟಲ್ ತಿರುಗಿಸಿದರೆ ಇನ್ನೂ ಮೇಲೆ. ಗಾಳಿ ಮನೆ ಕಡೆಗೆ ಬೀಸುತ್ತಿದ್ದರೆ ಮುಗಿಯಿತು. ಅರ್ಧ ಕಿಲೋಮೀಟರ್ ಆಚೆ ಜಗಲಿ ಮೇಲೆ ಕೂತವರಿಗೆ ಅದು ಚೆನ್ನಾಗಿಯೇ ಕೇಳಿಸುತ್ತದೆ. ಒಂದೇ ಸಮನೆ ಕೇಳಿಸಿದರೆ ಕಿವಿ ಒಗ್ಗಿಕೊಳ್ಳುತ್ತದೆ. ಇದು ಏರುತ್ತದೆ, ಇಳಿಯುತ್ತದೆ, ನಿಂತಿತು ಅಂದುಕೊಳ್ಳುವಾಗ ಮತ್ತೆ ಶುರುವಾಗುತ್ತದೆ.

ಇದೇ ಲೆಕ್ಕದಲ್ಲಿ ಟ್ರ್ಯಾಕಿನವರಿಗೆ ಉಪಯೋಗಕ್ಕೆ ಬರುವ ಇನ್ನೊಂದು ವಿಷಯ ಅಡಗಿದೆ. ದೂರು ಬಂದಾಗ ಮೊದಲು ಹೊಳೆಯುವ ಉಪಾಯ ಅಂದರೆ ಬೈಕುಗಳ ಸಂಖ್ಯೆ ಕಡಿಮೆ ಮಾಡುವುದು. ನಲವತ್ತು ಬೈಕು ಓಡುತ್ತಿದ್ದ ಕಡೆ ಹತ್ತೇ ಬಿಟ್ಟರೆ ಎಷ್ಟು ಇಳಿಯುತ್ತದೆ ಗೊತ್ತಾ? ಬರೀ 6 ಡೆಸಿಬಲ್. ಮುಕ್ಕಾಲು ಪಾಲು ಆದಾಯ ಹೋಯಿತು, ಪಕ್ಕದವರಿಗೆ ವ್ಯತ್ಯಾಸ ಸ್ವಲ್ಪವೇ ಗೊತ್ತಾಯಿತು. ಇನ್ನೊಂದು ಕಡೆಯಿಂದ ನೋಡಿ. ಉಳಿದವಕ್ಕಿಂತ 10 ಡೆಸಿಬಲ್ ಜಾಸ್ತಿ ಸದ್ದು ಮಾಡುವ ಒಂದೇ ಒಂದು ಬೈಕು ಹತ್ತು ಬೈಕಿಗೆ ಸಮ. ಅಂಥ ಬೈಕು ಪ್ರತಿ ಟ್ರ್ಯಾಕಿನಲ್ಲೂ ಒಂದು ಇದ್ದೇ ಇರುತ್ತದೆ. ಹೆಚ್ಚಿನ ಸಲ ಅದರ ಕಾಯಿಲೆ ತುಂಬ ಚಿಕ್ಕದು. ಸೈಲೆನ್ಸರ್ ಒಳಗೆ ತೂತು ತೂತಾದ ಕೊಳವೆಯ ಸುತ್ತ ಗಾಜಿನ ಉಣ್ಣೆಯಂಥ ಪ್ಯಾಕಿಂಗ್ ಸುತ್ತಿರುತ್ತಾರೆ. ಓಡಿಸುತ್ತಾ ಹೋದಂತೆ ಅದು ಸುಟ್ಟು, ಪುಡಿಯಾಗಿ, ಹೊಗೆಯ ಜತೆ ಹೊರಗೆ ಹೋಗಿಬಿಡುತ್ತದೆ. ಬಿಚ್ಚಿ ನೋಡಿದರೆ ಕರಿ ಹಿಡಿದ ನಾಲ್ಕು ಎಳೆ ಬಿಟ್ಟರೆ ಒಳಗೆ ಖಾಲಿ. ಹೊಸ ಪ್ಯಾಕಿಂಗ್ ತುಂಬಲು ಒಂದು ಸಂಜೆ ಸಾಕು. ಗೇಟಿನಲ್ಲಿ ಮೀಟರ್ ಹಿಡಿದು ನಿಂತು, ಆ ಒಂದು ಬೈಕನ್ನು ವಾಪಸ್ ಕಳಿಸುವ ಧೈರ್ಯ ಟ್ರ್ಯಾಕಿನವರಿಗೆ ಬೇಕು. ಪರಿಚಯದವರು, ದುಡ್ಡು ಕೊಟ್ಟವರು, ದೂರದಿಂದ ಬಂದವರು. ಯಾರು ಕಳಿಸುತ್ತಾರೆ?

ಮೊದಲು ಬಂದವರು ಯಾರು ಅನ್ನುವ ಜಗಳ

"ಟ್ರ್ಯಾಕ್ ಮೊದಲೇ ಇತ್ತು. ಗೊತ್ತಿದ್ದೂ ಪಕ್ಕದಲ್ಲಿ ಮನೆ ತಗೊಂಡು ಈಗ ಸದ್ದು ಅಂದರೆ ಹೇಗೆ?" ರೈಡರ್‌ಗಳ ಬತ್ತಳಿಕೆಯಲ್ಲಿ ಇದಕ್ಕಿಂತ ದೊಡ್ಡ ಬಾಣ ಇಲ್ಲ. ಕೇಳಲು ನ್ಯಾಯವಾಗಿಯೂ ಇದೆ. ಆದರೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಈ ಬಾಣ ನಾಟಲಿಲ್ಲ.

ಇಂಗ್ಲೆಂಡಿನ ಸಫೋಕ್‌ನ ಮಿಲ್ಡನ್‌ಹಾಲ್ ಹತ್ತಿರದ ಕಥೆ ಇದು. ಅಲ್ಲಿ 1970ರ ದಶಕದಿಂದ ಸ್ಪೀಡ್‌ವೇ (ಅಂಡಾಕಾರದ ಮಣ್ಣಿನ ಟ್ರ್ಯಾಕಿನ ಬೈಕ್ ರೇಸು) ಸ್ಟೇಡಿಯಂ ಇತ್ತು. ಅದರ ಹಿಂದೆ 1992ರಲ್ಲಿ ಮೋಟೊಕ್ರಾಸ್ ಟ್ರ್ಯಾಕ್ ಆಯಿತು. ಅನುಮತಿಯೂ ಇತ್ತು. 2006ರಲ್ಲಿ ಇಬ್ಬರು ಹತ್ತಿರದ ಒಂದು ಬಂಗಲೆ ಕೊಂಡು ಬಂದರು. ಟ್ರ್ಯಾಕ್ ಅಲ್ಲಿಂದ 800 ಮೀಟರಿಗಿಂತ ದೂರ. ಸದ್ದು ತಡೆಯಲಾಗದೆ ಅವರು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಗೆದ್ದರು, ಮೇಲ್ಮನವಿ ಕೋರ್ಟಿನಲ್ಲಿ ಸೋತರು, 2014ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಗೆದ್ದರು. ತಾವಾಗಿ ಬಂದು ತೊಂದರೆಯ ಪಕ್ಕ ಮನೆ ಮಾಡಿದರು ಅನ್ನುವುದು ಸಮರ್ಥನೆ ಆಗುವುದಿಲ್ಲ, ಟ್ರ್ಯಾಕಿಗೆ ಅನುಮತಿ ಸಿಕ್ಕಿದೆ ಅಂದ ಮಾತ್ರಕ್ಕೆ ಪಕ್ಕದವರ ನೆಮ್ಮದಿ ಕೆಡಿಸುವ ಹಕ್ಕು ಸಿಕ್ಕ ಹಾಗಲ್ಲ ಅಂತ ಕೋರ್ಟು ಹೇಳಿತು. ವಿಚಿತ್ರ ಅಂದರೆ ಆ ಬಂಗಲೆ 2010ರಲ್ಲೇ ಬೆಂಕಿಗೆ ಸಿಕ್ಕಿ ಹಾಳಾಗಿತ್ತು. ತೀರ್ಪು ಬರುವ ಹೊತ್ತಿಗೆ ಅಲ್ಲಿ ಯಾರೂ ವಾಸ ಇರಲಿಲ್ಲ.

ಮೊದಲು ಬಂದವರು ಯಾರು ಅನ್ನುವುದಕ್ಕಿಂತ ಈ ಕೇಸಿನ ಬೇರೆ ಎರಡು ವಿವರಗಳು ಮುಖ್ಯ ಅಂತ ನನ್ನ ಅಭಿಪ್ರಾಯ. ಒಂದು, ಖರ್ಚು. ಸಿಕ್ಕ ಪರಿಹಾರ ಇಬ್ಬರಿಗೂ ಸೇರಿ ಸುಮಾರು 20,000 ಪೌಂಡ್. ಗೆದ್ದವರ ಕಡೆಯ ವಕೀಲರ ಫೀಸು, ವಿಮೆ ಎಲ್ಲ ಸೇರಿದ ಲೆಕ್ಕ 10 ಲಕ್ಷ ಪೌಂಡ್ ದಾಟಿತ್ತು. ಅದರಲ್ಲಿ ಬಹುಪಾಲು ಸೋತವರ ತಲೆ ಮೇಲೆ ಬಿತ್ತು. ಟಿಕೆಟ್ ಹರಿದು, ಟೀ ಮಾರಿ ನಡೆಸುವ ಒಂದು ಟ್ರ್ಯಾಕ್ ಇಂಥ ಕೇಸನ್ನು ತಡೆದುಕೊಳ್ಳುವುದು ಹೇಗೆ?

ಎರಡನೆಯದು ಇನ್ನೂ ಕಣ್ಣು ತೆರೆಸುವಂಥದ್ದು. ಟ್ರ್ಯಾಕ್ ನಡೆಸುವವರ ಜತೆಗೆ ಜಾಗದ ಮಾಲೀಕರನ್ನೂ ಹೊಣೆ ಮಾಡಬೇಕು ಅಂತ ವಾದ ನಡೆಯಿತು. ಅದೇ ವರ್ಷ ಸುಪ್ರೀಂ ಕೋರ್ಟು ಬಹುಮತದಿಂದ ಬೇಡ ಅಂದಿತು. ಸದ್ದು ಮಾಡಿದ್ದು ಬಾಡಿಗೆದಾರರು, ಹೊಣೆಯೂ ಅವರದ್ದೇ. ಅಂದರೆ ಜಗಳದ ಭಾರವೆಲ್ಲ ಲೀಸಿಗೆ ತಗೊಂಡವರ ಮೇಲೆ, ಜಮೀನು ಮಾತ್ರ ಕೊಟ್ಟವರ ಕೈಯಲ್ಲಿ ಭದ್ರ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ.

ಹದಿನಾಲ್ಕು ದಿನದ ಟ್ರ್ಯಾಕ್

ಈಗ ಲೀಸಿಗೆ ಬರುತ್ತೇನೆ. ಸದ್ದು ಕಡಿಮೆ ಮಾಡುವ ದಾರಿಗಳು ಗುಟ್ಟೇನಲ್ಲ. ಮನೆಗಳಿರುವ ಕಡೆಗೆ ಎತ್ತರದ ಮಣ್ಣಿನ ಏರಿ ಹಾಕಬೇಕು. ಬೈಕು ಕಣ್ಣಿಗೆ ಕಾಣದಷ್ಟು ಎತ್ತರ ಇದ್ದರೆ ಸದ್ದೂ ಗಮನಕ್ಕೆ ಬರುವಷ್ಟು ತಗ್ಗುತ್ತದೆ. ಜಾಸ್ತಿ ಥ್ರಾಟಲ್ ಬೇಕಾದ ದಿಬ್ಬಗಳನ್ನು ಮನೆಗಳಿಂದ ದೂರದ ಕಡೆಗೆ ಸರಿಸಬೇಕು, ಟ್ರ್ಯಾಕನ್ನೇ ನೆಲಮಟ್ಟಕ್ಕಿಂತ ಕೆಳಗಿಳಿಸಿದರೆ ಇನ್ನೂ ಒಳ್ಳೆಯದು. ಧೂಳಿಗೆ ಬೋರ್‌ವೆಲ್, ಪೈಪು, ಸ್ಪ್ರಿಂಕ್ಲರ್ ಬೇಕು. ಎಲ್ಲಕ್ಕೂ ದುಡ್ಡು ಬೇಕು, ಆ ದುಡ್ಡು ವಾಪಸ್ ಬರಲು ವರ್ಷಗಳು ಬೇಕು.

ತಿಂಗಳಿಂದ ತಿಂಗಳಿಗೆ ಓಡುವ ಲೀಸಿನ ಮೇಲೆ ಯಾರಾದರೂ ಸಾವಿರ ಲೋಡ್ ಮಣ್ಣು ಹಾಕಿಸುತ್ತಾರಾ? ಹಾಕಿಸುವುದಿಲ್ಲ. ಹಾಕಿಸದೆ ಇದ್ದರೆ ಸದ್ದು ಇಳಿಯುವುದಿಲ್ಲ. ಸದ್ದು ಇಳಿಯದಿದ್ದರೆ ದೂರು ನಿಲ್ಲುವುದಿಲ್ಲ. ದೂರು ಜಾಸ್ತಿಯಾದರೆ ಮಾಲೀಕರು ಲೀಸ್ ಮುಂದುವರಿಸಲು ಹಿಂದೆ ಮುಂದೆ ನೋಡುತ್ತಾರೆ, ವಿಮೆ ಕಂಪನಿಯೂ ಪ್ರೀಮಿಯಂ ಏರಿಸುತ್ತದೆ. ಗಾಣದೆತ್ತಿನ ಹಾಗೆ ಇಲ್ಲೇ ಸುತ್ತು. ಸ್ಥಳೀಯ ಟ್ರ್ಯಾಕ್‌ಗಳ ಭವಿಷ್ಯ ಡೋಲಾಯಮಾನ ಆಗಿರುವುದಕ್ಕೆ ನನಗೆ ಕಾಣುವ ಮುಖ್ಯ ಕಾರಣ ಇದೇ.

ಕಾನೂನೇ ಈ ಸುತ್ತನ್ನು ಬಿಗಿ ಮಾಡುವುದೂ ಉಂಟು. ಇಂಗ್ಲೆಂಡಿನಲ್ಲಿ ಬಯಲು ಜಮೀನನ್ನು ಪ್ರತ್ಯೇಕ ಅನುಮತಿ ಇಲ್ಲದೆ ವರ್ಷಕ್ಕೆ 28 ದಿನ ಬೇರೆ ಕೆಲಸಕ್ಕೆ ಬಳಸಬಹುದು. ಮೋಟಾರ್ ರೇಸು ಮತ್ತು ಅದರ ಅಭ್ಯಾಸಕ್ಕಾದರೆ 14 ದಿನ ಮಾತ್ರ. ಎಷ್ಟೋ ಟ್ರ್ಯಾಕ್‌ಗಳು ನಡೆಯುವುದೇ ಈ ನಿಯಮದ ಮೇಲೆ. ವರ್ಷದಲ್ಲಿ ಹದಿನಾಲ್ಕು ದಿನ ಬೈಕು, ಉಳಿದ ದಿನ ಹುಲ್ಲು. ಪಕ್ಕದವರನ್ನು ಕಾಪಾಡಲು ಮಾಡಿದ ಒಳ್ಳೆಯ ನಿಯಮವೇ ಇದು. ಆದರೆ ಹದಿನಾಲ್ಕು ದಿನದ ಆದಾಯದಲ್ಲಿ ಏರಿಯನ್ನೂ ಹಾಕಲಾಗದು, ಸ್ಪ್ರಿಂಕ್ಲರನ್ನೂ ಇಡಲಾಗದು. ಅದಕ್ಕೇ ಆ ಹದಿನಾಲ್ಕು ದಿನವೂ ಪೂರ್ತಿ ಸದ್ದು, ಪೂರ್ತಿ ಧೂಳು.

ಧೂಳಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಗ್ಗೆ ಟ್ಯಾಂಕರ್ ಹೋದ ಮೇಲೆ ಟ್ರ್ಯಾಕ್ ಚಾಕೊಲೇಟ್ ಬಣ್ಣಕ್ಕೆ ತಿರುಗಿರುತ್ತದೆ, ಟೈರು ಕಚ್ಚಿ ಹಿಡಿಯುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಅದೇ ಮಣ್ಣು ಬಿಳಚಿಕೊಂಡು ಹಿಟ್ಟಾಗಿ ಹಾರುತ್ತದೆ. ಎರಡನೇ ಸಲ ಟ್ಯಾಂಕರ್ ತರಿಸುತ್ತಾರೋ ಇಲ್ಲವೋ ಅನ್ನುವುದರ ಮೇಲೆ ಟ್ರ್ಯಾಕ್ ನಡೆಸುವವರ ಯೋಗ್ಯತೆ ಅಳೆಯಬಹುದು.

ಸರ್ಕಾರದ ಜಾಗ ಆದರೆ?

ಕ್ಯಾಲಿಫೋರ್ನಿಯಾ ಇಲ್ಲೊಂದು ಬೇರೆ ದಾರಿ ಹಿಡಿಯಿತು. ಡರ್ಟ್ ಬೈಕ್, ಜೀಪುಗಳಿಗೆ ರಾಜ್ಯವೇ ಜಾಗ ಮಾಡಿಕೊಡುವ ಕಾನೂನನ್ನು 1971ರಲ್ಲಿ ತಂದಿತು. ದುಡ್ಡು ಬಂದದ್ದು ಇಂಧನ ತೆರಿಗೆಯ ಒಂದು ಪಾಲು, ನೋಂದಣಿ ಶುಲ್ಕ, ಪ್ರವೇಶ ಶುಲ್ಕಗಳಿಂದ. ಅಂದರೆ ಓಡಿಸುವವರ ಜೇಬಿನಿಂದಲೇ. ಹಾಲಿಸ್ಟರ್ ಹಿಲ್ಸ್ ಅಂಥ ಪಾರ್ಕುಗಳು ಇವತ್ತಿಗೂ ಉಳಿದಿರುವುದು ಹಾಗೆ.

ಸರ್ಕಾರದ್ದು ಅಂದ ಕೂಡಲೇ ನಿಶ್ಚಿಂತೆ ಅಂತಲ್ಲ. ಇಂಥದೇ ಇನ್ನೊಂದಾದ ಕಾರ್ನೆಗಿ ಪಾರ್ಕನ್ನು ದೊಡ್ಡದು ಮಾಡಲು 1990ರ ದಶಕದಲ್ಲೇ ಪಕ್ಕದ 3,000 ಎಕರೆಗೂ ಜಾಸ್ತಿ ಜಾಗ ಕೊಂಡಿದ್ದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಜಗ್ಗಾಟ ನಡೆದು, 2021ರ ಒಪ್ಪಂದದಲ್ಲಿ ಅಲ್ಲಿ ಬೈಕು ಬೇಡ ಅಂತ ತೀರ್ಮಾನವಾಯಿತು. ಒಷಿಯಾನೊ ಮರಳು ದಿಬ್ಬಗಳಲ್ಲಿ ವಾಹನ ನಿಲ್ಲಿಸಬೇಕು ಅಂತ ಅದೇ 2021ರಲ್ಲಿ ಕರಾವಳಿ ಆಯೋಗ ನಿರ್ಧರಿಸಿತು. 2023ರಲ್ಲಿ ಕೋರ್ಟು ಆ ನಿರ್ಧಾರವನ್ನು ತಳ್ಳಿಹಾಕಿತು. ಅಲ್ಲಿನ ಜಗಳದಲ್ಲಿ ಊರಿನ ಕಡೆ ಹಾರುವ ಧೂಳೂ ಇತ್ತು, ಮರಳಿನಲ್ಲಿ ಗೂಡು ಕಟ್ಟುವ ಪುಟ್ಟ ಹಕ್ಕಿಯೂ ಇತ್ತು.

ಕೆಲವು ಕಡೆ ಮುಚ್ಚಿದ್ದೇ ಸರಿ ಅನ್ನಿಸುತ್ತದೆ. ಅದೇ ರಾಜ್ಯದ ಕ್ಲಿಯರ್ ಕ್ರೀಕ್‌ನಲ್ಲಿ ಮಣ್ಣಿನಲ್ಲೇ ನೈಸರ್ಗಿಕವಾಗಿ ಆಸ್ಬೆಸ್ಟಾಸ್ ಇತ್ತು. ಬೈಕಿನ ಹಿಂದೆ ಏಳುವ ಧೂಳನ್ನು ಉಸಿರಾಡುವುದು ಮುಂದಿನವರ ಹಿಂದೆಯೇ ಓಡಿಸುವ ಮಕ್ಕಳು. ಅಳತೆ ಮಾಡಿ ನೋಡಿದ ಮೇಲೆ 2008ರ ಮೇ ತಿಂಗಳಲ್ಲಿ ಬಾಗಿಲು ಹಾಕಿದರು. ರೈಡರ್‌ಗಳಿಗೆ ಕೋಪ ಬಂತು. ಬರಲಿ. ಶ್ವಾಸಕೋಶಕ್ಕೆ ಬದಲಿ ಟ್ರ್ಯಾಕ್ ಇಲ್ಲ.

ಆದರೂ ಸರ್ಕಾರದ ಜಾಗಕ್ಕೂ ಖಾಸಗಿ ಲೀಸಿಗೂ ಒಂದು ವ್ಯತ್ಯಾಸ ಇದೆ. ಸರ್ಕಾರದ ಜಾಗ ಮುಚ್ಚಬೇಕಾದರೆ ನೋಟಿಸ್ ಕೊಡಬೇಕು, ಸಭೆ ಕರೆಯಬೇಕು, ಕಾರಣ ಬರೆಯಬೇಕು, ಒಪ್ಪದವರು ಕೋರ್ಟಿಗೆ ಹೋಗಬಹುದು. ಲೀಸಿನ ಟ್ರ್ಯಾಕ್ ಮುಚ್ಚಲು ಒಂದು ಫೋನ್ ಸಾಕು.

ಸದ್ದಿಲ್ಲದ ಬೈಕು ಬಂದರೆ

ಇತ್ತೀಚೆಗೆ ಎಲ್ಲ ಚರ್ಚೆಯೂ ಕೊನೆಗೆ ಎಲೆಕ್ಟ್ರಿಕ್ ಬೈಕಿಗೆ ಬಂದು ನಿಲ್ಲುತ್ತದೆ. ಅಮೆರಿಕದ ಆಲ್ಟಾ ಕಂಪನಿ ಒಳ್ಳೆಯ ಎಲೆಕ್ಟ್ರಿಕ್ ಡರ್ಟ್ ಬೈಕ್ ಮಾಡಿ, 2018ರಲ್ಲಿ ದುಡ್ಡಿಲ್ಲದೆ ಬಾಗಿಲು ಹಾಕಿತು. 2021ರ ಕೊನೆಗೆ ಸ್ಟಾರ್ಕ್ ವಾರ್ಗ್ ಅನ್ನುವ ಎಲೆಕ್ಟ್ರಿಕ್ ಬೈಕನ್ನು ಜಗತ್ತಿಗೆ ತೋರಿಸಿದರು. 450 ಸಿಸಿ ಪೆಟ್ರೋಲ್ ಬೈಕಿನ ಮುಂದೆ ನಿಲ್ಲುವ ಶಕ್ತಿ ಅದಕ್ಕಿದೆ. ಹತ್ತಿರ ನಿಂತರೆ ಚೈನಿನ ಗಲಗಲ, ಮೋಟರಿನ ಕೀರಲು, ದಿಬ್ಬ ಹಾರಿ ಕೆಳಗೆ ಬಿದ್ದಾಗಿನ ಧಡ್ ಅನ್ನುವ ಸದ್ದು ಇಷ್ಟೇ. ಅರ್ಧ ಕಿಲೋಮೀಟರಿಗೆ ಅದು ಹೋಗುವುದಿಲ್ಲ.

ಟ್ರ್ಯಾಕ್ ನಡೆಸುವವರಿಗೆ ಇದರಿಂದ ಸಿಗುವ ದೊಡ್ಡ ಲಾಭ ಹೊತ್ತು. ಪೆಟ್ರೋಲ್ ಬೈಕಿಗೆ ಬೇಡ ಅಂದ ಬೆಳಗ್ಗೆ, ಸಂಜೆ, ವಾರದ ಮಧ್ಯದ ದಿನಗಳನ್ನು ಎಲೆಕ್ಟ್ರಿಕ್‌ಗೆ ಕೇಳಬಹುದು. ಆದರೆ ಧೂಳು ಅದೂ ಎಬ್ಬಿಸುತ್ತದೆ. ಟ್ರೇಲರುಗಳ ಸಾಲು ರಸ್ತೆಯಲ್ಲಿ ಹಾಗೇ ಇರುತ್ತದೆ. ಇನ್ನು ಜಮೀನಿನ ಬೆಲೆಗೆ ಬೈಕು ಯಾವುದರಲ್ಲಿ ಓಡುತ್ತದೆ ಅನ್ನುವುದು ಬೇಕಾಗಿಲ್ಲ.

ದೊಡ್ಡ ರೇಸುಗಳು ಈ ತಲೆನೋವಿನಿಂದ ಯಾವತ್ತೋ ತಪ್ಪಿಸಿಕೊಂಡವು. 1972ರಲ್ಲಿ ಲಾಸ್ ಏಂಜಲೀಸ್‌ನ ಕೊಲಿಸಿಯಂ ಸ್ಟೇಡಿಯಂ ಒಳಗೇ ಮಣ್ಣು ಸುರಿದು ರೇಸ್ ನಡೆಸಿದರು. ಸೂಪರ್‌ಕ್ರಾಸ್ ಹುಟ್ಟಿದ್ದು ಹಾಗೆ. ನೆದರ್‌ಲ್ಯಾಂಡ್ಸ್‌ನ ಅಸೆನ್‌ನಲ್ಲಿ ಡಾಂಬರು ಸರ್ಕ್ಯೂಟಿನ ಮೇಲೇ ಮರಳು ಹಾಕಿ ವಿಶ್ವ ಮಟ್ಟದ ರೇಸು ಮಾಡಿದರು, ಮುಗಿದ ಮೇಲೆ ಬಳಿದುಕೊಂಡು ಹೋದರು. ಬೆಲ್ಜಿಯಂನ ನಮೂರ್ ಕೋಟೆಯ ಗುಡ್ಡದ ಮೇಲೆ ನಡೆಯುತ್ತಿದ್ದ ಹೆಸರಾಂತ ಗ್ರ್ಯಾನ್ ಪ್ರೀ 2007ಕ್ಕೆ ನಿಂತುಹೋಯಿತು. ವಿಶ್ವ ಚಾಂಪಿಯನ್‌ಶಿಪ್ ನಿಲ್ಲಲಿಲ್ಲ, ಬೇರೆ ಕಡೆ ಹೋಯಿತು. ಹತ್ತು ವರ್ಷದ ಹುಡುಗಿ ಪ್ರತಿ ಶನಿವಾರ ಅಭ್ಯಾಸ ಮಾಡಲು ಮಾತ್ರ ಯಾರೂ ಸ್ಟೇಡಿಯಂಗೆ ಮಣ್ಣು ತಂದು ಸುರಿಯುವುದಿಲ್ಲ. ಅವಳಿಗೆ ಸ್ಥಳೀಯ ಟ್ರ್ಯಾಕೇ ಬೇಕು.

ಅದು ಮುಚ್ಚಿದರೆ ಬೈಕುಗಳೇನೂ ಮಾಯವಾಗುವುದಿಲ್ಲ. ಅಷ್ಟು ದುಡ್ಡು ಕೊಟ್ಟು ತಗೊಂಡವರು ಅವನ್ನು ಮನೆಯಲ್ಲಿ ಪೂಜೆ ಮಾಡುತ್ತಾ ಕೂರುವುದಿಲ್ಲ. ಕಾಡಿನ ಕಾಲುದಾರಿ, ಹೊಳೆ ದಂಡೆ, ಯಾರದ್ದೋ ಹೊಲದ ಬದಿ ಹುಡುಕುತ್ತಾರೆ. ಅಲ್ಲಿ ಗೇಟಿಲ್ಲ, ಮೀಟರ್ ಇಲ್ಲ, ದಿಬ್ಬದಾಚೆ ಬಿದ್ದಿರುವವರನ್ನು ಕಂಡು ಹಳದಿ ಬಾವುಟ ಬೀಸುವವರೂ ಇಲ್ಲ. ಎಲ್ಲೆಂದರಲ್ಲಿ ಓಡುವ ಬೈಕಿನ ಬಗ್ಗೆ ದೂರು ಕೊಡಬೇಕೆಂದರೆ ಯಾರ ವಿಳಾಸಕ್ಕೆ ಕೊಡುವುದು? ಟ್ರ್ಯಾಕ್ ಪಕ್ಕದಲ್ಲಿರುವವರಿಗೆ ನೆಮ್ಮದಿ ಸಿಕ್ಕಿರುತ್ತದೆ, ನಿಜ. ಆ ಸದ್ದು ಹತ್ತು ಕಡೆಗೆ ಹಂಚಿಹೋಗಿರುತ್ತದೆ.

ಹಾಗಾಗಿ ಮುಂದಿನ ಸಲ "ಮುಚ್ಚುತ್ತಂತೆ" ಅನ್ನುವ ಮಾತು ಕಿವಿಗೆ ಬಿದ್ದಾಗ ಸಹಿ ಸಂಗ್ರಹಕ್ಕಿಂತ ಮೊದಲು ಟ್ರ್ಯಾಕ್ ನಡೆಸುವವರನ್ನು ಕೂರಿಸಿಕೊಂಡು ಲೀಸ್ ಪತ್ರ ನೋಡಬೇಕು. ಎಷ್ಟು ವರ್ಷ ಉಳಿದಿದೆ, ಮುಂದುವರಿಸುವ ಹಕ್ಕು ಯಾರಿಗಿದೆ, ಎಷ್ಟು ದಿನದ ನೋಟಿಸ್‌ಗೆ ಖಾಲಿ ಮಾಡಬೇಕು. ಹತ್ತು ವರ್ಷ ಇದ್ದರೆ ಏರಿಗೆ ಎಷ್ಟು ಲೋಡ್ ಮಣ್ಣು ಬೇಕು ಅಂತ ಅವತ್ತೇ ಲೆಕ್ಕ ಹಾಕಬಹುದು. ಮೂವತ್ತು ದಿನ ಅಂತ ಇದ್ದರೆ ಮಾತಾಡಬೇಕಾದದ್ದು ಪಕ್ಕದ ಮನೆಯವರ ಹತ್ತಿರ ಅಲ್ಲ, ಜಮೀನಿನ ಮಾಲೀಕರ ಹತ್ತಿರ.